ಸಾವಯವ ಸಂಶ್ಲೇಷಣೆಗೆ ಮಾಲಿಬ್ಡಿನಮ್ ಕ್ಯಾಟಲಿಸ್ಟ್: ಆರಿಸುವುದರಿಂದ ತೊಳೆದು ತೆಗೆಯುವವರೆಗೆ

ಆರ್ಗ್ಯಾನಿಕ್ ಲ್ಯಾಬಿನಲ್ಲಿ ಕೆಲಸ ಮಾಡುವ ಎಲ್ಲರ ಬಳಿಯೂ ಮಾಲಿಬ್ಡಿನಮ್ ಇರುತ್ತದೆ. ವಸ್ತುಗಳನ್ನು ಬೇರ್ಪಡಿಸಿ ನೋಡುವ ಟಿಎಲ್‌ಸಿ ಪ್ಲೇಟ್ ಅದ್ದುವ ಹಳದಿ-ಹಸಿರು ದ್ರಾವಣ ಇದೆಯಲ್ಲ, ಫಾಸ್ಫೋಮಾಲಿಬ್ಡಿಕ್ ಆಮ್ಲ, ಅದೇ. ಪ್ಲೇಟ್ ಬಿಸಿ ಮಾಡಿದರೆ ಕಡು ನೀಲಿ ಚುಕ್ಕೆ ಮೂಡುತ್ತದೆ. ಅಲ್ಲಿದ್ದ ಸಾವಯವ ವಸ್ತು ಆಕ್ಸಿಡೈಸ್ ಆಗಿ, ಮಾಲಿಬ್ಡಿನಮ್ಮನ್ನು +6 ಆಕ್ಸಿಡೇಷನ್ ಸ್ಥಿತಿಯಿಂದ ಸ್ವಲ್ಪ ಕೆಳಗೆ ಇಳಿಸಿದೆ ಅಂತ ಅರ್ಥ. ಈ ಲೋಹದ ಗುಣವೆಲ್ಲ ಅದರಲ್ಲೇ ಇದೆ. ಆಕ್ಸಿಜನ್ ಕೊಡುವುದೂ ತೆಗೆದುಕೊಳ್ಳುವುದೂ ಇದಕ್ಕೆ ಸಲೀಸು.

ಕಾರ್ಖಾನೆಗಳಿಗೆ ಇದು ಹಳೆಯ ಸಂಗತಿ. ಮೆಥನಾಲ್‌ನಿಂದ ಫಾರ್ಮಾಲ್ಡಿಹೈಡ್ ಮಾಡಲು ಕಬ್ಬಿಣದ ಮಾಲಿಬ್ಡೇಟ್ ಬಳಸುತ್ತಾರೆ. ಪ್ರೊಪಿಲೀನ್‌ನಿಂದ ಅಕ್ರಿಲೋನೈಟ್ರೈಲ್ ಮಾಡುವ ಸೋಹಿಯೋ ವಿಧಾನ 1960ರಲ್ಲಿ ಶುರುವಾಗಿದ್ದು ಬಿಸ್ಮತ್ ಮಾಲಿಬ್ಡೇಟ್ ಬಗೆಯ ಕ್ಯಾಟಲಿಸ್ಟ್ (ತಾನು ಖರ್ಚಾಗದೆ ರಿಯಾಕ್ಷನ್ ವೇಗ ಹೆಚ್ಚಿಸುವ ವಸ್ತು) ಮೇಲೆ. ಪ್ರೊಪಿಲೀನ್ ಆಕ್ಸೈಡ್ ತಯಾರಿಸುವ ಹ್ಯಾಲ್ಕನ್ ವಿಧಾನಕ್ಕೂ ಕರಗುವ ಮಾಲಿಬ್ಡಿನಮ್ ಲವಣವೇ ಆಧಾರ. ಆದರೂ ಸಣ್ಣ ಲ್ಯಾಬಿನಲ್ಲಿ ಕೈ ಮೊದಲು ಹೋಗುವುದು ಪೆಲ್ಲೇಡಿಯಮ್ ಡಬ್ಬಿಗೆ. ಇದಕ್ಕೆ ಕಾರಣ ಇಷ್ಟೇ ಅಂತ ನನಗನಿಸುತ್ತದೆ: ಮಾಲಿಬ್ಡಿನಮ್ ಅಂದರೆ ಒಂದೇ ಕ್ಯಾಟಲಿಸ್ಟ್ ಅಲ್ಲ. ಒಂದಕ್ಕೊಂದು ಸಂಬಂಧವೇ ಇಲ್ಲದಂತಿರುವ ಮೂರು ಗುಂಪುಗಳಿವೆ. ಯಾವ ಗುಂಪು ಅಂತ ಗೊತ್ತಿಲ್ಲದೆ ಡಬ್ಬಿ ತೆಗೆದರೆ ಕೆಲಸ ಕೆಡುತ್ತದೆ.

ಈ ಬರಹ ಲ್ಯಾಬಿನಲ್ಲಿ ಫ್ಯೂಮ್ ಹುಡ್, ಗ್ಲೋವ್ಸ್, ಸುರಕ್ಷತಾ ಕನ್ನಡಕ ಇಟ್ಟುಕೊಂಡು ಕೆಲಸ ಮಾಡುವವರಿಗೆ. ಮನೆಯಲ್ಲಿ ಮಾಡುವಂಥದ್ದು ಇದರಲ್ಲಿ ಒಂದೂ ಇಲ್ಲ.

ಹಂತ 1: ಮೊದಲು ಗುಂಪು ಆರಿಸಿ

ನಿಮ್ಮ ರಿಯಾಕ್ಷನ್ನಿನಲ್ಲಿ ಏನು ಆಗಬೇಕು ಅನ್ನುವುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ.

ಆಕ್ಸಿಜನ್ ಸೇರಿಸಬೇಕಾ, ತೆಗೆಯಬೇಕಾ? ಹಾಗಿದ್ದರೆ +6 ಸ್ಥಿತಿಯ ಆಕ್ಸೋ ಸಂಯುಕ್ತಗಳು ಬೇಕು. ಮಾಲಿಬ್ಡಿನೈಲ್ ಅಸಿಟೈಲ್‌ಅಸಿಟೋನೇಟ್, ಅಮೋನಿಯಮ್ ಹೆಪ್ಟಾಮಾಲಿಬ್ಡೇಟ್, ಮಾಲಿಬ್ಡಿನಮ್ ಡೈಆಕ್ಸಿಡೈಕ್ಲೋರೈಡ್ ಎಲ್ಲ ಈ ಗುಂಪಿನವು.

ಅಲೈಲಿಕ್ ಕಾರ್ಬೊನೇಟಿನ ಮೇಲೆ ಹೊಸ ಇಂಗಾಲ-ಇಂಗಾಲ ಬಂಧ ಬೇಕಾ, ಅಥವಾ ಕಾರ್ಬನ್ ಮಾನಾಕ್ಸೈಡ್ ಸೇರಿಸಿ ಉಂಗುರ ಕಟ್ಟಬೇಕಾ? ಅದಕ್ಕೆ ಶೂನ್ಯ ಸ್ಥಿತಿಯ ಮಾಲಿಬ್ಡಿನಮ್ ಬೇಕು, ಅಂದರೆ ಹೆಕ್ಸಾಕಾರ್ಬೊನಿಲ್.

ಎರಡು ಆಲ್ಕೀನ್ ಅಥವಾ ಎರಡು ಆಲ್ಕೈನ್ ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಳ್ಳಬೇಕಾ? ಅದು ಮೆಟಾಥೆಸಿಸ್. ಅಲ್ಲಿ ಲೋಹಕ್ಕೆ ನೇರವಾಗಿ ಇಂಗಾಲ ಎರಡು ಅಥವಾ ಮೂರು ಬಂಧದಿಂದ ಅಂಟಿರುವ ಸಂಯುಕ್ತಗಳು ಬೇಕು.

ಹೊಸಬರು ಮೊದಲ ಗುಂಪಿನಿಂದ ಶುರು ಮಾಡುವುದು ಒಳ್ಳೆಯದು. ಬೆಲೆ ಕಡಿಮೆ, ಗಾಳಿ ತಗುಲಿದರೂ ಸಾಮಾನ್ಯವಾಗಿ ಕೆಡುವುದಿಲ್ಲ, ತಪ್ಪಾದರೂ ಕಾರಣ ಹುಡುಕಬಹುದು. ಈ ಬರಹದ ಹೆಚ್ಚಿನ ಭಾಗವೂ ಅದರ ಬಗ್ಗೆಯೇ.

ಹಂತ 2: ಎಪಾಕ್ಸಿಡೇಷನ್ ಯಾವ ಆಲ್ಕೀನಿಗೆ ಒಗ್ಗುತ್ತದೆ?

ಎಪಾಕ್ಸಿಡೇಷನ್ ಅಂದರೆ ಆಲ್ಕೀನಿನ ದ್ವಿಬಂಧದ ಎರಡು ಇಂಗಾಲಗಳಿಗೂ ಒಂದೇ ಆಕ್ಸಿಜನ್ ಸೇರಿಸಿ ಮೂರು ಪರಮಾಣುಗಳ ಉಂಗುರ, ಅಂದರೆ ಎಪಾಕ್ಸೈಡ್, ಮಾಡುವುದು. ಆಕ್ಸಿಜನ್ ಕೊಡುವ ಟರ್ಷಿಯರಿ ಬ್ಯುಟೈಲ್ ಹೈಡ್ರೋಪೆರಾಕ್ಸೈಡ್, ಅಂದರೆ ಟಿಬಿಎಚ್‌ಪಿ, ಮಾಲಿಬ್ಡಿನಮ್ಮಿಗೆ ಅಂಟಿಕೊಂಡಾಗ ಅದರ ಒಂದು ಆಕ್ಸಿಜನ್ ಎಲೆಕ್ಟ್ರಾನ್ ಹಸಿವಿನದಾಗುತ್ತದೆ. ಆಲ್ಕೀನ್ ತನ್ನ ಎಲೆಕ್ಟ್ರಾನ್ ಕೊಟ್ಟು ಅದನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಬದಲಿ ಗುಂಪುಗಳು ಜಾಸ್ತಿ ಇರುವ ಆಲ್ಕೀನ್ ಬೇಗ ಓಡುತ್ತದೆ. ಲಿಮೋನೀನ್ ತೆಗೆದುಕೊಂಡರೆ ಉಂಗುರದೊಳಗಿನ ದ್ವಿಬಂಧ ಮೊದಲು ಎಪಾಕ್ಸೈಡ್ ಆಗುತ್ತದೆ, ಹೊರಗಿನದು ಹಿಂದೆ ಬೀಳುತ್ತದೆ. ಅಕ್ರಿಲೇಟ್‌ನಂಥ ಎಲೆಕ್ಟ್ರಾನ್ ಬಡವರ ಮೇಲೆ ಈ ವಿಧಾನ ಪ್ರಯೋಗಿಸಬೇಡಿ, ಟೈಮ್ ವೇಸ್ಟ್. ಸಿಸ್ ಆಲ್ಕೀನ್ ಸಿಸ್ ಎಪಾಕ್ಸೈಡನ್ನೇ ಕೊಡುತ್ತದೆ, ಆಕಾರ ಬದಲಾಗುವುದಿಲ್ಲ.

ದ್ವಿಬಂಧದ ಪಕ್ಕದಲ್ಲೇ ಆಲ್ಕೋಹಾಲ್ ಇದ್ದರೆ ವೆನೇಡಿಯಮ್ ಕಡೆ ಹೋಗಿ. ಶಾರ್ಪ್‌ಲೆಸ್ ಮತ್ತು ಮೈಕಲ್ಸನ್ 1973ರಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಅಲೈಲಿಕ್ ಆಲ್ಕೋಹಾಲ್‌ಗಳಿಗೆ ವೆನೇಡಿಯಮ್ಮೇ ರೂಢಿಯಾಯಿತು. ಒಂಟಿ ಆಲ್ಕೀನಿಗೆ ಮಾತ್ರ ಮಾಲಿಬ್ಡಿನಮ್ ಮುಂದೆ. ಇನ್ನು ನೀರಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡನ್ನೇ ಬಳಸಬೇಕು ಅಂತಿದ್ದರೆ ಟಂಗ್‌ಸ್ಟನ್ ಮೇಲು. ಮಾಲಿಬ್ಡಿನಮ್ ಜೊತೆ ನೀರು ಸೇರಿದರೆ ಎಪಾಕ್ಸೈಡ್ ಒಡೆದು ಡಯಾಲ್ (ಎರಡು ಆಲ್ಕೋಹಾಲ್ ಗುಂಪಿನ ವಸ್ತು) ಆಗುವುದು ಸಾಮಾನ್ಯ.

ಹಂತ 3: ಒಂದು ಎಪಾಕ್ಸಿಡೇಷನ್ ಪೂರ್ತಿ ಮಾಡಿ ನೋಡಿ

ಕಲಿಯಲು ಸೈಕ್ಲೋಆಕ್ಟೀನ್ ಚೆನ್ನ. ಅದರ ಎಪಾಕ್ಸೈಡ್ ಗಟ್ಟಿಮುಟ್ಟು, ಸುಲಭವಾಗಿ ಒಡೆಯುವುದಿಲ್ಲ. ಎಡವಟ್ಟಾದರೆ ತಪ್ಪು ವಸ್ತುವಿನದಲ್ಲ, ನಿಮ್ಮ ಸೆಟಪ್ಪಿನದು ಅಂತ ತಕ್ಷಣ ಗೊತ್ತಾಗುತ್ತದೆ.

ಅಳತೆ ಹೀಗೆ. ಸೈಕ್ಲೋಆಕ್ಟೀನ್ 10 ಮಿಲಿಮೋಲ್, ಅಂದರೆ 1.10 ಗ್ರಾಂ. ಮಾಲಿಬ್ಡಿನೈಲ್ ಅಸಿಟೈಲ್‌ಅಸಿಟೋನೇಟ್ 1 ಮೋಲ್ ಪರ್ಸೆಂಟ್ (ಆಲ್ಕೀನಿನ ನೂರು ಅಣುವಿಗೆ ಒಂದು). ಅದರ ಅಣುತೂಕ 326, ಹಾಗಾಗಿ 33 ಮಿ.ಗ್ರಾಂ. ಟಿಬಿಎಚ್‌ಪಿ 1.5 ಪಟ್ಟು, ಡೆಕೇನ್‌ನಲ್ಲಿ 5.5 ಮೋಲಾರ್ ದ್ರಾವಣ ಸಿಗುತ್ತದೆ, ಅದರಲ್ಲಿ 2.7 ಮಿ.ಲೀ. ಒಣ ಟಾಲೀನ್ 20 ಮಿ.ಲೀ.

ಟಿಬಿಎಚ್‌ಪಿ ಬಾಟಲಿ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದರೊಳಗೆ ಲೋಹದ ಸ್ಪ್ಯಾಚುಲಾ, ಲೋಹದ ಸೂಜಿ ಇಳಿಸಬೇಡಿ. ಮಿಕ್ಕಿದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಲೋಹದ ಲವಣದ ಒಂದು ಕಣ ಒಳಗೆ ಹೋದರೂ ಇಡೀ ಬಾಟಲಿ ಕೊಳೆಯತೊಡಗಿ ಅನಿಲ ಬಿಡುತ್ತದೆ. ಬಟ್ಟಿ ಇಳಿಸಿ ಗಟ್ಟಿ ಮಾಡುವ ಯೋಚನೆಯನ್ನಂತೂ ಮಾಡಲೇಬೇಡಿ. 70 ಪರ್ಸೆಂಟ್ ನೀರಿನ ದ್ರಾವಣ ಅಗ್ಗ, ನಿಜ. ಆದರೆ ಇಲ್ಲಿ ನೀರೇ ಶತ್ರು.

ಈಗ ಕೆಲಸ. ಎರಡು ಕತ್ತಿನ ಫ್ಲಾಸ್ಕಿಗೆ ಕಂಡೆನ್ಸರ್ ಹಾಕಿ, ಮೇಲಿನಿಂದ ನೈಟ್ರೋಜನ್ ಹರಿಯಲು ಬಿಡಿ. ಮುಚ್ಚಿದ ಪಾತ್ರೆ ಬೇಡ, ಯಾಕೆಂದರೆ ಟಿಬಿಎಚ್‌ಪಿ ಒಡೆದರೆ ಆಕ್ಸಿಜನ್ ಬರುತ್ತದೆ. ಟಾಲೀನ್, ಆಲ್ಕೀನ್, ಕ್ಯಾಟಲಿಸ್ಟ್ ಮೂರನ್ನೂ ಹಾಕಿ 80 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿ. ಆಮೇಲೆ ಟಿಬಿಎಚ್‌ಪಿಯನ್ನು ಹನಿಹನಿಯಾಗಿ, 15ರಿಂದ 20 ನಿಮಿಷ ತೆಗೆದುಕೊಂಡು ಹಾಕಿ. ಒಳಗಿನ ಉಷ್ಣತೆಯನ್ನು ಥರ್ಮಾಮೀಟರಿನಲ್ಲಿ ನೋಡುತ್ತಿರಿ. ಎಣ್ಣೆ ಸ್ನಾನದ್ದಲ್ಲ, ಒಳಗಿನದು.

ಇಲ್ಲಿ ಒಂದು ಅಪಾಯ ಇದೆ. ಶುರುವಿನಲ್ಲಿ ಏನೂ ಆಗದಂತೆ ಕಾಣಬಹುದು. ಕ್ಯಾಟಲಿಸ್ಟ್ ತನ್ನ ಹಳೆಯ ಲಿಗ್ಯಾಂಡ್ (ಲೋಹಕ್ಕೆ ಅಂಟಿದ ಅಣು) ಬಿಟ್ಟು ಸಿದ್ಧವಾಗಲು ಟೈಮ್ ಬೇಕು. ‘ಏನೂ ಆಗ್ತಿಲ್ಲ’ ಅಂತ ಪೆರಾಕ್ಸೈಡನ್ನು ಗಬಗಬನೆ ಸುರಿದರೆ ಅದು ಒಳಗೆ ಕೂಡಿಕೊಂಡು, ರಿಯಾಕ್ಷನ್ ಹೊತ್ತಿಕೊಂಡ ಕ್ಷಣ ಎಲ್ಲ ಒಟ್ಟಿಗೆ ಓಡುತ್ತದೆ. ಮೊದಲ ಹತ್ತನೇ ಒಂದು ಭಾಗ ಹಾಕಿ ನಿಲ್ಲಿಸಿ. ಉಷ್ಣತೆ ಒಂದೆರಡು ಡಿಗ್ರಿ ಏರಿ ಮತ್ತೆ ಇಳಿದದ್ದು ಕಂಡ ಮೇಲೆ ಮುಂದುವರಿಸಿ. ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಈ ನಿಯಮ ತಪ್ಪಿಸುವ ಹಾಗೇ ಇಲ್ಲ.

ಒಂದು ಗಂಟೆಯ ನಂತರ ನೋಡಿ. ಟಿಎಲ್‌ಸಿಯಲ್ಲಿ ಯುವಿ ದೀಪಕ್ಕೆ ಆಲ್ಕೀನೂ ಎಪಾಕ್ಸೈಡೂ ಕಾಣುವುದಿಲ್ಲ, ಬಣ್ಣ ಬರಿಸಲೇಬೇಕು. ಗ್ಯಾಸ್ ಕ್ರೊಮಟೋಗ್ರಾಫ್ ಇದ್ದರೆ ಇನ್ನೂ ಚೆನ್ನ: ಟಿಬಿಎಚ್‌ಪಿ ಜೊತೆ ಬಂದ ಡೆಕೇನ್ ಅಲ್ಲೇ ಇದೆ, ಅದನ್ನೇ ಆಂತರಿಕ ಅಳತೆಗೋಲಾಗಿ ಬಳಸಿ. ಅಣುವಿನ ಹೈಡ್ರೋಜನ್‌ಗಳನ್ನು ತೋರಿಸುವ ಎನ್‌ಎಂಆರ್‌ನಲ್ಲಿ 5.6 ಪಿಪಿಎಂ ಹತ್ತಿರದ ಆಲ್ಕೀನ್ ಸಿಗ್ನಲ್ ಹೋಗಿ 2.9ರ ಹತ್ತಿರ ಎಪಾಕ್ಸೈಡ್ ಸಿಗ್ನಲ್ ಬರುತ್ತದೆ.

ಮುಗಿಸುವುದು: ಐಸ್ ಸ್ನಾನದಲ್ಲಿ ತಣಿಸಿ, 10 ಪರ್ಸೆಂಟ್ ಸೋಡಿಯಮ್ ಸಲ್ಫೈಟ್ ದ್ರಾವಣ 10 ಮಿ.ಲೀ.ನಷ್ಟು ನಿಧಾನವಾಗಿ ಹಾಕಿ. ಮಿಕ್ಕ ಪೆರಾಕ್ಸೈಡ್ ಸಾಯುವಾಗ ಬಿಸಿಯಾಗುತ್ತದೆ. ಪೊಟ್ಯಾಸಿಯಮ್ ಅಯೋಡೈಡ್-ಪಿಷ್ಟದ ಕಾಗದ ನೀಲಿಯಾಗುವುದು ನಿಂತ ಮೇಲೆ ಮಾತ್ರ ಮುಂದಕ್ಕೆ. ಬೈಕಾರ್ಬೊನೇಟ್, ಉಪ್ಪುನೀರಿನಲ್ಲಿ ತೊಳೆದು, ಸೋಡಿಯಮ್ ಸಲ್ಫೇಟ್ ಮೇಲೆ ಒಣಗಿಸಿ. ಪೆರಾಕ್ಸೈಡ್ ಪರೀಕ್ಷೆ ಮಾಡದೆ ರೋಟರಿಗೆ, ಅಂದರೆ ಸಾಲ್ವೆಂಟ್ ಆವಿಯಾಗಿಸುವ ಯಂತ್ರಕ್ಕೆ, ಹಚ್ಚಬೇಡಿ.

ಡೆಕೇನ್ 174 ಡಿಗ್ರಿಯಲ್ಲಿ ಕುದಿಯುತ್ತದೆ, ರೋಟರಿಯಲ್ಲಿ ಸುಲಭಕ್ಕೆ ಹೋಗುವುದಿಲ್ಲ. ಹೋಗಿಸುತ್ತೇನೆ ಅಂತ ಹಠ ಹಿಡಿದು ಜೋರು ವ್ಯಾಕ್ಯೂಮ್ ಹಾಕಿದರೆ ಎಪಾಕ್ಸೈಡೇ ಹಾರಿಹೋಗುತ್ತದೆ. ಸಿಲಿಕಾ ಕಾಲಮ್ಮಿನಲ್ಲಿ ಮೊದಲು ಬರೀ ಹೆಕ್ಸೇನ್ ಬಿಟ್ಟು ಡೆಕೇನ್ ಇಳಿಸಿ, ಆಮೇಲೆ 5ರಿಂದ 10 ಪರ್ಸೆಂಟ್ ಈಥೈಲ್ ಅಸಿಟೇಟ್ ಬೆರೆಸಿ ಎಪಾಕ್ಸೈಡ್ ತೆಗೆಯಿರಿ. ಲೆಕ್ಕದ ಪ್ರಕಾರ ಪೂರ್ತಿ ಬಂದರೆ 1.26 ಗ್ರಾಂ.

ಹಂತ 4: ಕೆಟ್ಟರೆ ಎಲ್ಲಿ ನೋಡಬೇಕು

ರಿಯಾಕ್ಷನ್ ಅರ್ಧಕ್ಕೆ ನಿಂತಿದೆ: ಮಾಲಿಬ್ಡಿನಮ್ ಸುತ್ತ ಜಾಗ ಹಿಡಿದವರು ಯಾರು ಅಂತ ಹುಡುಕಿ. ನೀರು, ಆಲ್ಕೋಹಾಲ್, ಡಿಎಂಎಫ್ (ಡೈಮೀಥೈಲ್ ಫಾರ್ಮಮೈಡ್ ಎಂಬ ಸಾಲ್ವೆಂಟ್) ಇವೆಲ್ಲ ಲೋಹಕ್ಕೆ ಅಂಟಿಕೊಂಡು ಟಿಬಿಎಚ್‌ಪಿಗೆ ಜಾಗ ಬಿಡುವುದಿಲ್ಲ. ಟಿಬಿಎಚ್‌ಪಿ ಖರ್ಚಾದಾಗ ಹುಟ್ಟುವ ಟರ್ಷಿಯರಿ ಬ್ಯುಟನಾಲ್ ಕೂಡ ಇದೇ ಕೆಲಸ ಮಾಡುತ್ತದೆ. ಅದಕ್ಕೇ ಕೊನೆಕೊನೆಗೆ ವೇಗ ಇಳಿಯುವುದು ಸಹಜ. ಸಾಲ್ವೆಂಟ್ ಅಂದರೆ ಟಾಲೀನ್, ಡೈಕ್ಲೋರೋಈಥೇನ್‌ನಂಥ ಅಂಟದ ಜಾತಿಯೇ ಆಗಬೇಕು.

ಪೆರಾಕ್ಸೈಡ್ ಖಾಲಿ, ಆಲ್ಕೀನ್ ಹಾಗೇ ಇದೆ: ಅದು ಸುಮ್ನೆ ಒಡೆದು ಹೋಗಿದೆ. ಗುಳ್ಳೆ ಬಂದಿದ್ದರೆ ಖಚಿತ. ಉಷ್ಣತೆ ಇಳಿಸಿ, ಇನ್ನೂ ನಿಧಾನವಾಗಿ ಹಾಕಿ.

ಎಪಾಕ್ಸೈಡ್ ಬದಲು ಡಯಾಲ್ ಬಂದಿದೆ: ಆಮ್ಲ ಮತ್ತು ನೀರು. ಸ್ಟೈರೀನ್ ಆಕ್ಸೈಡ್‌ನಂಥ ಸೂಕ್ಷ್ಮ ಎಪಾಕ್ಸೈಡ್‌ಗಳಿಗೆ ಪುಡಿ ಮಾಡಿದ ಡೈಸೋಡಿಯಮ್ ಹೈಡ್ರೋಜನ್ ಫಾಸ್ಫೇಟ್ ಒಂದು ಚಮಚ ಫ್ಲಾಸ್ಕಿಗೆ ಹಾಕಿದರೆ ಆಮ್ಲವನ್ನು ಅದು ನುಂಗಿಕೊಳ್ಳುತ್ತದೆ.

ಫ್ಲಾಸ್ಕ್ ನೀಲಿಗೆ ತಿರುಗಿದೆ: ಟಿಎಲ್‌ಸಿ ಪ್ಲೇಟಿನಲ್ಲಿ ಕಂಡ ಅದೇ ನೀಲಿ. ಆಕ್ಸಿಡೆಂಟ್ ಮುಗಿದು ಮಾಲಿಬ್ಡಿನಮ್ ಕೆಳಗಿಳಿಯತೊಡಗಿದೆ.

ಹಂತ 5: ಸಲ್ಫೈಡ್‌ನಿಂದ ಸಲ್ಫೋನ್

ಸಲ್ಫೈಡಿನ ಗಂಧಕಕ್ಕೆ ಒಂದು ಆಕ್ಸಿಜನ್ ಸೇರಿದರೆ ಸಲ್ಫಾಕ್ಸೈಡ್, ಎರಡು ಸೇರಿದರೆ ಸಲ್ಫೋನ್. ಇದು ಎಪಾಕ್ಸಿಡೇಷನ್‌ಗಿಂತ ಸುಲಭ. ನೀರು ಇದ್ದರೂ ಪರವಾಗಿಲ್ಲ. ಜೂಲಿಯಾ-ಕೊಸಿಯೆನ್‌ಸ್ಕಿ ಒಲೆಫಿನೇಷನ್ನಿಗೆ (ಸಲ್ಫೋನಿನಿಂದ ಆಲ್ಕೀನ್ ಕಟ್ಟುವ ವಿಧಾನ) ಸಲ್ಫೋನ್ ಮಾಡಿಕೊಳ್ಳುವವರು ದಿನವೂ ಬಳಸುವ ವಿಧಾನ ಇದು: ಅಮೋನಿಯಮ್ ಹೆಪ್ಟಾಮಾಲಿಬ್ಡೇಟ್, 30 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್, ಎಥನಾಲ್.

ಬಣ್ಣವಿಲ್ಲದ ಮಾಲಿಬ್ಡೇಟ್ ಲವಣವನ್ನು ತಣ್ಣನೆಯ ಪೆರಾಕ್ಸೈಡಿನಲ್ಲಿ ಕರಗಿಸಿದ ಕೂಡಲೇ ನಿಂಬೆ ಹಳದಿ ಬಣ್ಣ ಬರುತ್ತದೆ. ಅದೇ ಪೆರಾಕ್ಸೋ ಮಾಲಿಬ್ಡಿನಮ್, ಕೆಲಸ ಮಾಡುವುದು ಅದೇ. ಹಳದಿ ಇರುವವರೆಗೆ ಕ್ಯಾಟಲಿಸ್ಟ್ ಜೀವಂತ. ಈ ಹಳದಿ ದ್ರಾವಣವನ್ನು ಇಂಗಿಸಿ ಘನರೂಪಕ್ಕೆ ತರಬೇಡಿ, ಒಣ ಪೆರಾಕ್ಸೋ ಲವಣಗಳು ಸಿಡಿಯಬಲ್ಲವು. ಕ್ಷಾರ ಜಾಸ್ತಿಯಾಗಿ ಕೆಂಪು-ಕಂದು ಬಣ್ಣ ಬಂದರೆ ಅದು ನಾಲ್ಕು ಪೆರಾಕ್ಸೋ ಗುಂಪಿನ ಜಾತಿ, ಇನ್ನೂ ಅಸ್ಥಿರ.

ಥಯೋಅನಿಸೋಲ್ 5 ಮಿಲಿಮೋಲ್, ಅಂದರೆ 0.62 ಗ್ರಾಂ ತೆಗೆದುಕೊಂಡು 25 ಮಿ.ಲೀ. ಎಥನಾಲಿನಲ್ಲಿ ಕರಗಿಸಿ, ಐಸಿನಲ್ಲಿ ಇಡಿ. ಪೆರಾಕ್ಸೈಡ್ ಲೆಕ್ಕಕ್ಕೆ 2 ಪಟ್ಟು ಸಾಕು, ಆದರೆ 4 ಪಟ್ಟು, ಅಂದರೆ ಸುಮಾರು 2 ಮಿ.ಲೀ. ತೆಗೆದುಕೊಳ್ಳಿ. ಅದರಲ್ಲಿ ಮಾಲಿಬ್ಡೇಟ್ ಕರಗಿಸಿ ಹನಿಹನಿಯಾಗಿ ಹಾಕಿ, ನಂತರ ಕೋಣೆಯ ಉಷ್ಣತೆಗೆ ಬಿಡಿ.

ಮಾಲಿಬ್ಡೇಟ್ ಎಷ್ಟು? ಇಲ್ಲಿ ತುಂಬ ಜನ ಲೆಕ್ಕ ತಪ್ಪುತ್ತಾರೆ. ಈ ಲವಣದ ಅಣುತೂಕ 1236, ಒಂದೊಂದು ಘಟಕದಲ್ಲೂ ಏಳು ಮಾಲಿಬ್ಡಿನಮ್ ಇವೆ. ‘10 ಮೋಲ್ ಪರ್ಸೆಂಟ್’ ಅಂತ ಓದಿ 0.62 ಗ್ರಾಂ ಹಾಕಿದರೆ ಲೋಹದ ಲೆಕ್ಕದಲ್ಲಿ ಅದು 70 ಮೋಲ್ ಪರ್ಸೆಂಟ್! ಅದನ್ನು ಕ್ಯಾಟಲಿಸ್ಟ್ ಅನ್ನಲು ನನಗಂತೂ ಸಂಕೋಚ. ಥಯೋಅನಿಸೋಲ್‌ನಂಥ ಸುಲಭದ ಸಲ್ಫೈಡಿಗೆ 1 ಮೋಲ್ ಪರ್ಸೆಂಟ್ ಲವಣದಿಂದ, 62 ಮಿ.ಗ್ರಾಂನಿಂದ ಶುರು ಮಾಡಿ. ಟೆಟ್ರಜೋಲ್ (ನಾಲ್ಕು ನೈಟ್ರೋಜನ್ ಇರುವ ಉಂಗುರ) ಹೊತ್ತ ಮೊಂಡು ಸಲ್ಫೈಡ್‌ಗಳಿಗೆ ಮಾತ್ರ ಜಾಸ್ತಿ ಬೇಕಾಗುತ್ತದೆ.

ಸಲ್ಫಾಕ್ಸೈಡ್ ಆಗುವುದು ಬೇಗ, ಅಲ್ಲಿಂದ ಸಲ್ಫೋನ್ ಆಗುವುದು ನಿಧಾನ. ಮಧ್ಯದಲ್ಲಿ ನೋಡಿ ಮುಗಿಯಿತು ಅಂತ ನಿಲ್ಲಿಸಿಬಿಡುತ್ತಾರೆ. ಎನ್‌ಎಂಆರ್‌ನಲ್ಲಿ ಮೀಥೈಲ್ ಸಿಗ್ನಲ್ ನೋಡಿದರೆ ಗೊಂದಲ ಇಲ್ಲ: ಸಲ್ಫೈಡಿಗೆ ಸುಮಾರು 2.5, ಸಲ್ಫಾಕ್ಸೈಡಿಗೆ 2.7, ಸಲ್ಫೋನಿಗೆ 3.05 ಪಿಪಿಎಂ. ಅದೇ ಅಣುವಿನಲ್ಲಿ ದ್ವಿಬಂಧ ಇದ್ದರೂ ಈ ಪರಿಸ್ಥಿತಿಯಲ್ಲಿ ಗಂಧಕವೇ ಮೊದಲು ಆಕ್ಸಿಡೈಸ್ ಆಗುತ್ತದೆ.

ಪೆರಾಕ್ಸೈಡ್ ಬಳಸಿದ ಪಾತ್ರೆಯನ್ನು ಅಸಿಟೋನಿನಲ್ಲಿ ತೊಳೆಯಬೇಡಿ. ಆಮ್ಲದ ಸೋಂಕಿದ್ದರೆ ಅಲ್ಲಿ ಸಿಡಿಯುವ ಅಸಿಟೋನ್ ಪೆರಾಕ್ಸೈಡ್ ಆಗಬಹುದು. ಮೊದಲು ಸಲ್ಫೈಟ್, ಆಮೇಲೆ ನೀರು, ಕೊನೆಗೆ ಬೇಕಿದ್ದರೆ ಅಸಿಟೋನ್.

ಹಂತ 6: ಅದೇ ದಾರಿಯಲ್ಲಿ ಹಿಂದಕ್ಕೆ

ಆಕ್ಸಿಜನ್ ಕೊಡುವ ಲೋಹ ಆಕ್ಸಿಜನ್ ಕೀಳಲೂ ಬಲ್ಲದು. ಜೊತೆಗೆ ಆಕ್ಸಿಜನ್ನನ್ನು ಒಪ್ಪಿಕೊಳ್ಳುವ ಯಾರಾದರೂ ಬೇಕು, ಅಷ್ಟೆ: ಫಾಸ್ಫೀನ್, ಸಿಲೇನ್ ಅಥವಾ ಪಿನಾಕೋಲ್. ಡಿಎಂಎಫ್ ಎರಡು ಅಂಟಿದ ಮಾಲಿಬ್ಡಿನಮ್ ಡೈಆಕ್ಸಿಡೈಕ್ಲೋರೈಡ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಲ್ಫಾಕ್ಸೈಡ್ ಮತ್ತೆ ಸಲ್ಫೈಡ್ ಆಗುತ್ತದೆ, ನೈಟ್ರೋ ಗುಂಪು ಅಮೈನ್ ಆಗುತ್ತದೆ. ಸ್ಪೇನಿನ ಸಾನ್ಸ್ ಅವರ ಗುಂಪು ಪಿನಾಕೋಲ್ ಬಳಸುವ ಕ್ರಮವನ್ನು ಬೆಳೆಸಿದೆ. ನನಗೆ ಅದು ಇಷ್ಟ, ಯಾಕೆಂದರೆ ಕೊನೆಗೆ ಉಳಿಯುವ ಕಸ ಅಸಿಟೋನ್ ಮತ್ತು ನೀರು ಮಾತ್ರ. ಫಾಸ್ಫೀನ್ ಆಕ್ಸೈಡನ್ನು ಕಾಲಮ್ಮಿನಲ್ಲಿ ಬೇರ್ಪಡಿಸಿ ಸುಸ್ತಾದವರಿಗೆ ಇದರ ಬೆಲೆ ಗೊತ್ತು. ಒಂದು ನೈಟ್ರೋ ಗುಂಪಿಗೆ ಕನಿಷ್ಠ ಮೂರು ಪಿನಾಕೋಲ್ ಬೇಕು. ಬಿಸಿಯೂ ಬೇಕು, ನೂರು ಡಿಗ್ರಿಗಿಂತ ಮೇಲೆ.

ಹಂತ 7: ಹೆಕ್ಸಾಕಾರ್ಬೊನಿಲ್ ಡಬ್ಬಿ ತೆರೆಯುವ ಮುನ್ನ

ಬಿಳಿ ಹರಳು, ಗಾಳಿಯಲ್ಲಿ ಕೆಡುವುದಿಲ್ಲ, ನೋಡಲು ಸಾಧು. ಆದರೆ ವಿಷ. ಬಿಸಿಯಾದರೆ ಒಂದು ಅಣು ಆರು ಕಾರ್ಬನ್ ಮಾನಾಕ್ಸೈಡ್ ಬಿಡಬಹುದು. 1 ಮಿಲಿಮೋಲ್, ಅಂದರೆ 264 ಮಿ.ಗ್ರಾಂ, ಪೂರ್ತಿ ಒಡೆದರೆ ಸುಮಾರು 147 ಮಿ.ಲೀ. ಅನಿಲ. ಅದನ್ನು 10 ಮಿ.ಲೀ. ಮುಚ್ಚಿದ ವಯಲ್‌ನಲ್ಲಿ ಊಹಿಸಿಕೊಳ್ಳಿ. ಒತ್ತಡ ಲೆಕ್ಕ ಹಾಕದೆ ಮೈಕ್ರೋವೇವ್ ವಯಲ್‌ಗೆ ಹಾಕಬೇಡಿ, ಫ್ಯೂಮ್ ಹುಡ್‌ನ ಹೊರಗೆ ತೆರೆಯಲೂ ಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಇನ್ನೊಂದು ಚೇಷ್ಟೆ: ಇದು ಕರಗದೇ ನೇರ ಆವಿಯಾಗುತ್ತದೆ. ರಿಫ್ಲಕ್ಸ್ ಮಾಡುವಾಗ ಕಂಡೆನ್ಸರಿನ ಗೋಡೆಯ ಮೇಲೆ ಬಿಳಿ ಹರಳು ಕೂತಿದ್ದರೆ ನಿಮ್ಮ ಕ್ಯಾಟಲಿಸ್ಟ್ ಫ್ಲಾಸ್ಕಿನಲ್ಲಿ ಇಲ್ಲ, ಮೇಲೆ ಇದೆ.

ಇದರ ದೊಡ್ಡ ಉಪಯೋಗ ರಸಾಯನಶಾಸ್ತ್ರಜ್ಞ ಟ್ರೋಸ್ಟ್ ಅವರ ಅಸಿಮ್ಮೆಟ್ರಿಕ್ ಅಲೈಲಿಕ್ ಆಲ್ಕಿಲೇಷನ್. ಟ್ರೋಸ್ಟ್ ಮತ್ತು ಹಾಚಿಯಾ ಮಾಲಿಬ್ಡಿನಮ್ ಬಳಸಿ ಇದನ್ನು 1998ರಲ್ಲಿ ತೋರಿಸಿದರು. ಸಿನ್ನಮೈಲ್ ಕಾರ್ಬೊನೇಟಿಗೆ ಮೆಲೊನೇಟ್ ಸೇರಿಸಿದರೆ ಪೆಲ್ಲೇಡಿಯಮ್ ಸಾಮಾನ್ಯವಾಗಿ ನೇರ ಸರಪಳಿಯ ಉತ್ಪನ್ನ ಕೊಡುತ್ತದೆ. ಮಾಲಿಬ್ಡಿನಮ್ ಕವಲೊಡೆದದ್ದನ್ನು ಕೊಡುತ್ತದೆ, ಅದರಲ್ಲೂ ಒಂದೇ ಕೈಯದ್ದನ್ನು, ಅಂದರೆ ಕನ್ನಡಿ ಬಿಂಬದಂತಿರುವ ಎರಡು ರೂಪಗಳಲ್ಲಿ ಹೆಚ್ಚಾಗಿ ಒಂದನ್ನು. ಪೆಲ್ಲೇಡಿಯಮ್ ಕೈಕೊಟ್ಟಾಗ ಇಲ್ಲಿಗೆ ಬರಬೇಕಾದ ಕಾರಣ ಇದೇ. ಲಿಗ್ಯಾಂಡ್ ಅಂದರೆ ಸೈಕ್ಲೋಹೆಕ್ಸೇನ್ ಡೈಅಮೈನ್‌ಗೆ ಎರಡು ಪಿಕೋಲಿನಿಕ್ ಆಮ್ಲ ಕಟ್ಟಿದ ಅಮೈಡ್. ಅದನ್ನು ಲೋಹಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟು, ಮೊದಲೇ ಎರಡನ್ನೂ ಒಟ್ಟಿಗೆ ಬಿಸಿ ಮಾಡಿ ಕಾರ್ಬನ್ ಮಾನಾಕ್ಸೈಡ್ ಹೊರಹಾಕಬೇಕು. ಆಮೇಲೆ ಉಳಿದದ್ದನ್ನು ಸೇರಿಸಿ. ಆ ಮೊದಲ ಬಿಸಿ ತಪ್ಪಿಸಿದರೆ ಕ್ಯಾಟಲಿಸ್ಟೇ ಹುಟ್ಟುವುದಿಲ್ಲ.

ಪೆಲ್ಲೇಡಿಯಮ್ ಜೊತೆ ಇದೇ ಹೆಕ್ಸಾಕಾರ್ಬೊನಿಲ್ಲನ್ನು ಹಾಕಿ ಅಮೈಡ್ ಮಾಡುವ ವಿಧಾನಗಳೂ ಇವೆ. ಅಲ್ಲಿ ಇದು ಕ್ಯಾಟಲಿಸ್ಟ್ ಅಲ್ಲ, ಬರೀ ಅನಿಲದ ಮೂಲ.

ಹಂತ 8: ಮೆಟಾಥೆಸಿಸ್, ಗ್ಲೋವ್ ಬಾಕ್ಸ್ ಇದ್ದರೆ

ರಸಾಯನಶಾಸ್ತ್ರಜ್ಞ ಶ್ರಾಕ್ ಅವರಿಗೆ 2005ರಲ್ಲಿ ಶೋವಾನ್ ಮತ್ತು ಗ್ರಬ್ಸ್ ಜೊತೆ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಶ್ರಾಕ್ ಕ್ಯಾಟಲಿಸ್ಟ್ ಬಹಳ ಚುರುಕು. ಗಾಳಿ, ನೀರು ಸೋಕಿದರೆ ಮುಗಿಯಿತು, ಅದಕ್ಕೇ ಗಾಳಿ, ತೇವ ಹೊರಗಿಟ್ಟ ಪೆಟ್ಟಿಗೆ, ಅಂದರೆ ಗ್ಲೋವ್ ಬಾಕ್ಸ್, ಬೇಕು. ಬರಿಯ ಆಲ್ಕೋಹಾಲ್, ಕಾರ್ಬಾಕ್ಸಿಲಿಕ್ ಆಮ್ಲ, ಆಲ್ಡಿಹೈಡ್ ಇರುವ ಅಣುವಿಗೆ ಇದು ಬೇಡ, ಅಲ್ಲಿ ರುಥೇನಿಯಮ್ ಹಾಕಿ. ಆದರೆ ಥಯೋಈಥರ್, ಫಾಸ್ಫೀನ್, ಎಷ್ಟೋ ಅಮೈನ್‌ಗಳ ಎದುರು ರುಥೇನಿಯಮ್ ತತ್ತರಿಸುವಾಗ ಮಾಲಿಬ್ಡಿನಮ್ ನಿಲ್ಲುತ್ತದೆ.

ಗ್ಲೋವ್ ಬಾಕ್ಸ್ ಇಲ್ಲದವರಿಗೆ ಫ್ಯೂರ್‌ಸ್ಟ್ನರ್ ಅವರ ಗುಂಪು ಒಂದು ದಾರಿ ತೋರಿಸಿತು. ಫಿನಾಂತ್ರೋಲಿನ್ ಅಥವಾ ಬೈಪಿರಿಡಿನ್ ಅಂಟಿಸಿ ಕ್ಯಾಟಲಿಸ್ಟನ್ನು ಗಾಳಿಯಲ್ಲಿ ತೂಗುವಂತೆ ಮಲಗಿಸುವುದು. ಟಾಲೀನಿನಲ್ಲಿ ಲೋಹದ ಕ್ಲೋರೈಡ್ ಜೊತೆ ಬಿಸಿ ಮಾಡಿದರೆ ಆ ಲಿಗ್ಯಾಂಡ್ ಕಳಚಿ ಕ್ಯಾಟಲಿಸ್ಟ್ ಏಳುತ್ತದೆ: ಆಲ್ಕೀನ್ ಕ್ಯಾಟಲಿಸ್ಟಿಗೆ ಸತುವಿನ ಕ್ಲೋರೈಡ್, ಆಲ್ಕೈನ್ ಕ್ಯಾಟಲಿಸ್ಟಿಗೆ ಮ್ಯಾಂಗನೀಸ್ ಕ್ಲೋರೈಡ್, ಸುಮಾರು 80ರಿಂದ 100 ಡಿಗ್ರಿ. ತೂಗುವುದು ಗಾಳಿಯಲ್ಲಿ ಆದರೂ ರಿಯಾಕ್ಷನ್ ನಡೆಯಬೇಕಾದ್ದು ಆರ್ಗಾನ್ ಕೆಳಗೇ.

ಆಲ್ಕೈನ್ ಮೆಟಾಥೆಸಿಸ್ಸಿನಲ್ಲಿ 5 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ ಪುಡಿ ಮರೆಯಬೇಡಿ. ಮೀಥೈಲ್ ತುದಿಯ ಆಲ್ಕೈನ್‌ಗಳಿಂದ ಹೊರಬರುವ 2-ಬ್ಯುಟೈನನ್ನು ಅದು ಹಿಡಿದಿಟ್ಟುಕೊಂಡು ಸಮತೋಲನವನ್ನು ಮುಂದಕ್ಕೆ ತಳ್ಳುತ್ತದೆ. ಸೀವನ್ನು ವ್ಯಾಕ್ಯೂಮ್‌ನಲ್ಲಿ ಕಾಯಿಸಿ ಒಣಗಿಸಿರಬೇಕು.

ಹಂತ 9: ಲೋಹ ತೆಗೆಯುವುದು, ಕಸ ಕಳಿಸುವುದು

+6 ಸ್ಥಿತಿಯ ಮಾಲಿಬ್ಡಿನಮ್ ಕ್ಷಾರದಲ್ಲಿ ಮಾಲಿಬ್ಡೇಟ್ ಆಗಿ ನೀರಿಗೆ ಇಳಿಯುತ್ತದೆ. ಬೈಕಾರ್ಬೊನೇಟ್ ಅಥವಾ, ಉತ್ಪನ್ನ ತಡೆದುಕೊಂಡರೆ, ತೆಳು ಸೋಡಿಯಮ್ ಹೈಡ್ರಾಕ್ಸೈಡ್‌ನಲ್ಲಿ ಎರಡು ಸಲ ತೊಳೆದು, ಸಣ್ಣ ಸಿಲಿಕಾ ಪದರದ ಮೂಲಕ ಹಾಯಿಸಿದರೆ ಸಾಮಾನ್ಯವಾಗಿ ಸಾಕು. ಔಷಧ ಮಾಡುವವರಿಗೆ ಇದು ಸಣ್ಣ ಲಾಭವಲ್ಲ: ಐಸಿಎಚ್ (ಔಷಧ ನಿಯಮಗಳನ್ನು ದೇಶಗಳ ನಡುವೆ ಹೊಂದಿಸುವ ಸಂಸ್ಥೆ) ಮಾರ್ಗಸೂಚಿಯಲ್ಲಿ ಬಾಯಿಯ ಮೂಲಕ ಕೊಡುವ ಔಷಧಕ್ಕೆ ದಿನಕ್ಕೆ ಪೆಲ್ಲೇಡಿಯಮ್ 100 ಮೈಕ್ರೋಗ್ರಾಂ ಮಿತಿ, ಮಾಲಿಬ್ಡಿನಮ್ಮಿಗೆ 3000.

ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ, ಭಾರಲೋಹದ ಕಸದ ಡಬ್ಬಕ್ಕೆ ಹಾಕಿ. ಡಬ್ಬಕ್ಕೆ ಹೋಗುವ ಮೊದಲು ಅಯೋಡೈಡ್-ಪಿಷ್ಟದ ಕಾಗದದಿಂದ ಇನ್ನೊಮ್ಮೆ ನೋಡಿ. ಪೆರಾಕ್ಸೈಡ್ ಉಳಿದ ದ್ರಾವಣಕ್ಕೆ ಬಿಗಿ ಮುಚ್ಚಳ ಹಾಕಿಟ್ಟರೆ ರಾತ್ರಿಯೆಲ್ಲ ಅನಿಲ ತುಂಬಿ ಡಬ್ಬ ಉಬ್ಬುತ್ತದೆ.